ಮರೆವಿನ ರಿಸರ್ಚ್‌ಗೆ ಜನರನ್ನ ಸೇರಿಸೋದು: ಶ್ರೀನಿವಾಸಪುರ ಇಟ್ಕೊಂಡು ಒಂದಿಷ್ಟು ನೋಟ್ಸ್

ಪರೀಕ್ಷೆಗೆ ಔಟ್‌ರೀಚ್ ಚಾಪ್ಟರ್, ಅಂದ್ರೆ ರಿಸರ್ಚ್‌ನೋರು ಜನರನ್ನ ಹೇಗೆ ತಲುಪ್ಬೇಕು ಅನ್ನೋ ಪಾಠ ಓದ್ತಿರೋರಿಗೆ ಮೊದಲೇ ಹೇಳ್ಬಿಡ್ತೀನಿ, ಪೋಸ್ಟರ್, ಪಾಂಪ್ಲೆಟ್, ಕ್ಯಾಂಪ್ ಅಂತ ಪಟ್ಟಿ ಬಾಯಿಪಾಠ ಮಾಡಿದ್ರೆ ಪ್ರಯೋಜನ ಇಲ್ಲ. ಪೋಸ್ಟರ್ ನೋಡಿ ತಾವಾಗೇ ಬರೋರು ಓದು ಬಲ್ಲೋರು, ಇಲ್ಲಾ ಮನೇಲಿ ಯಾರಿಗೋ ಅಲ್‌ಝೈಮರ್ ಅನ್ನೋ ಮರೆವಿನ ಕಾಯಿಲೆ ಬಂದು ಭಯ ಬಿದ್ದೋರು. ಅವರನ್ನೇ ಸೇರಿಸ್ಕೊಂಡು ಊರಿನ ಲೆಕ್ಕ ಹೇಳಿದ್ರೆ ಅದೇ ಸೆಲೆಕ್ಷನ್ ಬಯಾಸ್. ಅಂದ್ರೆ ಯಾರು ಬಂದ್ರು ಅನ್ನೋಕಿಂತ ಯಾರು ಬರಲಿಲ್ಲ, ಯಾಕೆ ಬರಲಿಲ್ಲ ಅಂತ ಕೇಳ್ಬೇಕು.

ನಮ್ಮ ಕಡೆದೇ ಕೇಸ್ ತಗೊಳೋಣ. ಬೆಂಗಳೂರಿನ ಐಐಎಸ್‌ಸಿ ಕ್ಯಾಂಪಸ್‌ನಲ್ಲಿರೋ ಸೆಂಟರ್ ಫಾರ್ ಬ್ರೈನ್ ರಿಸರ್ಚ್‌ನವರು 2018ರಲ್ಲಿ ಸ್ಯಾನ್ಸ್‌ಕಾಗ್ ಅನ್ನೋ ಸ್ಟಡಿ ಶುರು ಮಾಡಿದ್ರು, ಕೋಲಾರ ಜಿಲ್ಲೆ ಶ್ರೀನಿವಾಸಪುರ ತಾಲೂಕಿನ ಹಳ್ಳಿಗಳಲ್ಲಿ 45 ದಾಟಿದ 10,000 ಜನರನ್ನ ಸೇರಿಸಿ ವರ್ಷಗಟ್ಟಲೆ ಫಾಲೋ ಮಾಡೋ ಗುರಿ. ಸೇರಿಸ್ಕೊಳ್ಳೋದು ಡಿಮೆನ್ಶಿಯಾ (ನೆನಪು, ಯೋಚನಾಶಕ್ತಿ ಕುಗ್ಗೋ ಸ್ಥಿತಿ) ಇಲ್ಲದೋರನ್ನ, ಇಲ್ಲೇ ಎಲ್ಲರೂ ಕನ್ಫ್ಯೂಸ್ ಆಗೋದು. ಲಕ್ಷಣ ಕಾಣೋಕೆ 15-20 ವರ್ಷ ಮುಂಚೆನೇ ಮೆದುಳಲ್ಲಿ ಅಲ್‌ಝೈಮರ್‌ಗೆ ಸಂಬಂಧಪಟ್ಟ ಅಮಿಲಾಯ್ಡ್ ಅನ್ನೋ ಪ್ರೋಟೀನ್ ಸೇರ್ಕೊಳ್ತಾ ಇರುತ್ತೆ, ಹಾಗಾಗಿ ಮುಂಚೆಯಿಂದ್ಲೇ ನೋಡ್ಬೇಕು. ಆದ್ರೆ ಐವತ್ತರ ರೈತನಿಗೆ ಹೋಗಿ ಹೇಳಿ ನೋಡಿ, "ನಂಗೇನಾಗಿದೆ ಸಾರ್, ಚೆನ್ನಾಗೇ ಇದೀನಲ್ಲ" ಅಂತಾನೆ, ಅಜ್ಜಿ ವಿಷಯ ಎತ್ತಿದ್ರೆ ಅರವತ್ತಕ್ಕೆ ಅರಳು ಮರಳು, ಅದಕ್ಕೆಂಥ ಡಾಕ್ಟ್ರು ಅಂತ ಮಾತು ಮುಗಿಸ್ತಾರೆ. ಈ ಎರಡಕ್ಕೂ ಉತ್ತರ ರೆಡಿ ಇಲ್ದೆ ಊರೊಳಗೆ ಕಾಲಿಡ್ಬೇಡಿ. ಅದೂ ಅಪರಿಚಿತರು ಹೇಳೋಕಿಂತ ಆಶಾ ಕಾರ್ಯಕರ್ತೆ ಹೇಳಿದ್ರೆ ತೂಕ ಜಾಸ್ತಿ, ಯಾಕಂದ್ರೆ ಆಕೆಗೆ ಯಾರ ಮನೇಲಿ ಯಾರಿದಾರೆ ಅಂತ ಗೊತ್ತು. ಆ ಕಡೆ ಎಷ್ಟೋ ಮನೇಲಿ ಮಾತಾಡೋದು ತೆಲುಗು, ಬರೀ ಕನ್ನಡ ಪಾಂಪ್ಲೆಟ್ ಹಿಡ್ಕೊಂಡು ಹೋದ್ರೆ ಸಾಲಲ್ಲ. ಮಾವಿನ ಸೀಸನ್‌ನಲ್ಲಿ ಡೇಟ್ ಇಟ್ರಂತೂ ಕೇಳೋದೇ ಬೇಡ.

ಸಣ್ಣ ವಿಷಯಕ್ಕೆ ಜನ ಹಿಂದೆ ಸರೀತಾರೆ. ದೊಡ್ಡ ಅಯಸ್ಕಾಂತದಿಂದ ಮೆದುಳಿನ ಚಿತ್ರ ತೆಗೆಯೋ ಎಂಆರ್‌ಐ ರೂಮಿಗೆ ಹೋಗೋಕೆ ಮುಂಚೆ ಲೋಹ ಎಲ್ಲಾ ತೆಗೀಬೇಕು, ಆದ್ರೆ ಮಾಂಗಲ್ಯ, ಕಾಲುಂಗುರ ತೆಗಿ ಅಂತ ಅಲ್ಲಿ ಹೋದ್ಮೇಲೆ ಹೇಳಿದ್ರೆ ಎಷ್ಟೋ ಹೆಂಗಸರು ವಾಪಸ್ ಹೊರಟೇಬಿಡ್ತಾರೆ. ಮನೇಲೇ ಹೇಳಿದ್ರೆ ಅತ್ತೆ ಹತ್ರ ಕೇಳ್ಕೊಂಡು ಅರಿಶಿನ ದಾರ ಕಟ್ಕೊಂಡು ಬರೋಕೆ ಟೈಮ್ ಸಿಗುತ್ತೆ. ತಾಳಿ ಸರಕ್ಕೆ ಸಿಕ್ಕಿಸಿರೋ ಪಿನ್ನುಗಳನ್ನ ಮರೀಬೇಡಿ, ಚಿನ್ನಕ್ಕಿಂತ ಡೇಂಜರ್ ಅವೇ.

ನೆನಪು, ಯೋಚನಾಶಕ್ತಿ ಅಳೆಯೋ ಟೆಸ್ಟ್ ಕೂಡ ಜನರನ್ನ ಹೊರಗಿಡುತ್ತೆ. ಹರಿಯಾಣದ ಬಲ್ಲಭಗಢದಲ್ಲಿ ಡಿಮೆನ್ಶಿಯಾ ಬಗ್ಗೆ ಇಂಡೋ-ಅಮೆರಿಕ ಸ್ಟಡಿ ಮಾಡಿದಾಗ ಅಲ್ಲಿ ಮುಕ್ಕಾಲು ಪಾಲು ಹಿರಿಯರಿಗೆ ಓದು ಬರಹ ಇರ್ಲಿಲ್ಲ, ಓದಿ ಬರೆಯೋ ಪ್ರಶ್ನೆ ಇಟ್ರೆ ಮೆದುಳು ಚೆನ್ನಾಗಿರೋರೂ ಫೇಲು. ಅದಕ್ಕೇ ಎಲ್ಲೆಡೆ ಬಳಸೋ ಎಂಎಂಎಸ್‌ಇ (ಮಿನಿ ಮೆಂಟಲ್ ಸ್ಟೇಟ್ ಎಕ್ಸಾಮಿನೇಷನ್) ಟೆಸ್ಟ್ ಬದಲಾಯಿಸಿ ಹಿಂದಿ ಮೆಂಟಲ್ ಸ್ಟೇಟ್ ಎಕ್ಸಾಮ್ ಮಾಡ್ಕೊಂಡ್ರು.

ಕನ್ಸೆಂಟ್, ಅಂದ್ರೆ ಸ್ಟಡಿಗೆ ಸೇರೋರ ಒಪ್ಪಿಗೆ ಬಗ್ಗೆ ಪರೀಕ್ಷೇಲಿ ಪ್ರಶ್ನೆ ಗ್ಯಾರಂಟಿ ಬರುತ್ತೆ. ಓದೋಕೆ ಬರ್ದಿದ್ರೆ ಹೆಬ್ಬೆಟ್ಟು ಸಾಕು, ಆದ್ರೆ ಸ್ಟಡಿಗೆ ಸಂಬಂಧ ಇಲ್ಲದ ಸಾಕ್ಷಿ ಪಕ್ಕದಲ್ಲಿರ್ಬೇಕು. ಯಾವುದೋ ಅಜ್ಜಿಗೆ ನಿರ್ಧಾರ ಮಾಡೋ ಶಕ್ತಿ ಹೋಗಿದ್ರೆ ಕಾನೂನು ಒಪ್ಪೋ ಪ್ರತಿನಿಧಿ ಸಹಿ ಹಾಕ್ತಾರೆ, ಹಾಗಂತ ಆ ಅಜ್ಜಿ ಕೈ ಹಿಂದೆಳ್ಕೊಂಡ್ರೆ ಸೂಜಿ ಚುಚ್ಚೋ ಹಾಗಿಲ್ಲ. ಬಸ್ ಚಾರ್ಜು, ಕಳ್ಕೊಂಡ ಕೂಲಿ ಕೊಡಬಹುದು, ದುಡ್ಡಿನ ಆಸೆಗೇ ಒಪ್ಪೋಷ್ಟು ಕೊಟ್ರೆ ಅದು ಆಮಿಷ, ಐಸಿಎಂಆರ್ (ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ) 2017ರ ಗೈಡ್‌ಲೈನ್ಸ್ ಪ್ರಕಾರ ತಪ್ಪು.

ಕೊನೇದು ರಿಟೆನ್ಷನ್, ಅಂದ್ರೆ ಸೇರಿದೋರು ಬಿಟ್ಟು ಹೋಗದಂಗೆ ನೋಡ್ಕೊಳ್ಳೋದು. ರಕ್ತ ತಗೊಂಡು ಹೋದೋರು ಶುಗರ್, ಬಿಪಿ ರಿಪೋರ್ಟ್ ಕೊಡದೇ ಸುಮ್ನಾದ್ರೆ ಊರಲ್ಲಿ ರಕ್ತ ಮಾರ್ಕೊಂಡ್ರು ಅನ್ನೋ ಮಾತು ಹುಟ್ಟೋಕೆ ಒಂದು ವಾರ ಬೇಡ, ಎರಡನೇ ರೌಂಡ್‌ಗೆ ಅದೇ ನಂಬರಿಗೆ ಫೋನ್ ಮಾಡಿದ್ರೆ ಯಾರೂ ಎತ್ತಲ್ಲ.