ಸೆರೆ ಹಿಡಿದವರ ಋಣ: ಯುದ್ಧಕೈದಿಯ ಒಳ್ಳೆಯ ಮಾತಿಗೊಂದು ಹಿನ್ನೆಲೆ

ಯುದ್ಧಕೈದಿಯಾಗಿದ್ದವನು ತನ್ನನ್ನು ಹಿಡಿದಿಟ್ಟವರ ಬಗ್ಗೆ ಒಳ್ಳೆಯ ಮಾತಾಡಿದರೆ ಕೇಳುವವರಿಗೆ ಮೊದಲು ಬರುವುದು ಅನುಮಾನವೇ. 2019ರ ಫೆಬ್ರುವರಿ ಕೊನೆಯಲ್ಲಿ ಪಾಕಿಸ್ತಾನದ ವಶದಲ್ಲಿದ್ದ ವಿಂಗ್ ಕಮಾಂಡರ್ ಅಭಿನಂದನ್ ವರ್ಧಮಾನ್ ಅಲ್ಲಿನ ಅಧಿಕಾರಿಗಳನ್ನೂ ಅವರು ಕೊಟ್ಟ ಚಹಾವನ್ನೂ ಹೊಗಳಿದ ವಿಡಿಯೊ ಹರಿದಾಡಿದಾಗ, ಕೋಲಾರದ ಹೋಟೆಲುಗಳಲ್ಲಿ ನಡೆದ ಚರ್ಚೆಯೂ ಅದೇ: ಇದು ಮನಸ್ಸಿನ ಮಾತೋ, ಹೇಳಿಸಿದ ಮಾತೋ? ಪ್ರಶ್ನೆ ನ್ಯಾಯವಾದದ್ದೇ. ಆದರೆ ಸೆರೆಯೊಳಗಿದ್ದು ಆಡಿದ ಮಾತನ್ನೂ ಬಿಡುಗಡೆಯಾದ ಮೇಲೆ ಆಡಿದ ಮಾತನ್ನೂ ಒಂದೇ ತಕ್ಕಡಿಯಲ್ಲಿ ತೂಗಬಾರದು.

ಸೆರೆಯಾಳುಗಳ ಚರಿತ್ರೆ ಕೋಲಾರಕ್ಕೆ ದೂರದ್ದಲ್ಲ. ಬಂಗಾರಪೇಟೆ ಬಳಿಯ ಬೂದಿಕೋಟೆಯಲ್ಲಿ ಹುಟ್ಟಿದನೆಂದು ಹೇಳಲಾಗುವ ಹೈದರ್ ಅಲಿಯ ಸೇನೆಯು 1780ರ ಸೆಪ್ಟೆಂಬರಿನಲ್ಲಿ ಕಾಂಚೀಪುರದ ಬಳಿಯ ಪೊಳ್ಳಿಲೂರಿನಲ್ಲಿ ಈಸ್ಟ್ ಇಂಡಿಯಾ ಕಂಪನಿಯ ಕರ್ನಲ್ ಬೇಲಿಯ ಪಡೆಯನ್ನು ಸೋಲಿಸಿ, ಬದುಕುಳಿದವರನ್ನು ಶ್ರೀರಂಗಪಟ್ಟಣಕ್ಕೆ ಸಾಗಿಸಿತು. ಬೇಲಿ ಸೆರೆಯಲ್ಲೇ ಸತ್ತ. ಅವನ ಜೊತೆ ಸೆರೆಯಾಗಿದ್ದ ಅಧಿಕಾರಿ ಡೇವಿಡ್ ಬೇರ್ಡ್ 1784ರಲ್ಲಿ ಮಂಗಳೂರು ಒಪ್ಪಂದದ ನಂತರ ಹೊರಬಂದು, 1799ರ ಮೇ 4ರಂದು ಅದೇ ಕೋಟೆಯ ಮೇಲೆ ದಾಳಿ ನಡೆಸಿದ ಪಡೆಯ ಮುಂದಾಳಾದ. ಬಿಡುಗಡೆಯಾದವರು ಬರೆದ ಕಥನಗಳಲ್ಲಿ ಬೇಡಿ, ಹಸಿವು, ಅವಮಾನಗಳೇ ತುಂಬಿದ್ದು, ಮೈಸೂರಿನ ಮೇಲಿನ ಯುದ್ಧಕ್ಕೆ ಇಂಗ್ಲೆಂಡಿನಲ್ಲಿ ಜನಾಭಿಪ್ರಾಯ ರೂಪಿಸಲು ಅವು ಒದಗಿಬಂದವು. ಆ ಕಾಲದಲ್ಲಿ ಕೈದಿಯ ಪಾಡು ಹಿಡಿದವನ ಮರ್ಜಿಗೆ ಬಿಟ್ಟದ್ದು. ಸಿಕ್ಕ ಒಂದು ತುತ್ತೂ ದಯೆಯ ಲೆಕ್ಕಕ್ಕೇ ಸೇರುತ್ತಿತ್ತು.

ಈ ಲೆಕ್ಕವನ್ನು ಬದಲಿಸಿದ್ದು ಕಾನೂನು. 1907ರ ಹೇಗ್ ನಿಯಮಗಳು, 1929ರ ಜಿನೀವಾ ಒಪ್ಪಂದ, ಕೊನೆಗೆ 1949ರ ಮೂರನೆಯ ಜಿನೀವಾ ಒಪ್ಪಂದಗಳು ಅನ್ನ, ಔಷಧ, ಮರ್ಯಾದೆಗಳನ್ನು ಕೈದಿಯ ಹಕ್ಕಾಗಿಸಿದವು. 1949ರ ಒಪ್ಪಂದದ 13ನೆಯ ವಿಧಿಯು ಕೈದಿಯನ್ನು ಸಾರ್ವಜನಿಕ ಕುತೂಹಲದ ವಸ್ತುವಾಗಿಸುವುದನ್ನೂ ನಿಷೇಧಿಸುತ್ತದೆ. ಚಹಾದ ವಿಡಿಯೊದ ತಕರಾರು ಇರುವುದು ಇಲ್ಲಿ, ಅಭಿನಂದನ್ ಅವರ ಮಾತಿನಲ್ಲಲ್ಲ.

ಹಾಗಾದರೆ, ಹಕ್ಕಾಗಿ ಸಿಕ್ಕಿದ್ದಕ್ಕೆ ಉಪಕಾರ ಸ್ಮರಣೆ ಏಕೆ? 1971ರ ಯುದ್ಧದ ನಂತರ ಸುಮಾರು 93,000 ಪಾಕಿಸ್ತಾನಿಯರು ಭಾರತದ ಶಿಬಿರಗಳಲ್ಲಿದ್ದರು. ಆಗಿನ ಭಾರತದ ಭೂಸೇನಾ ಮುಖ್ಯಸ್ಥ ಜನರಲ್ ಮಾಣಿಕ್‌ಷಾ ಅವರು, ಯುದ್ಧಾನಂತರ ಮಾತುಕತೆಗೆ ಪಾಕಿಸ್ತಾನಕ್ಕೆ ಹೋಗಿದ್ದಾಗ ಅಲ್ಲಿನ ನೌಕರನೊಬ್ಬ ತನ್ನ ಪೇಟವನ್ನು ತಮ್ಮ ಕಾಲ ಬಳಿ ಇಟ್ಟು, ಸೆರೆಯಲ್ಲಿದ್ದ ತನ್ನ ಮಕ್ಕಳನ್ನು ಚೆನ್ನಾಗಿ ನೋಡಿಕೊಂಡದ್ದಕ್ಕೆ ವಂದಿಸಿದನೆಂದು ಮುಂದೆ ನೆನೆಯುತ್ತಿದ್ದರು. ನಾವು ಹೆಮ್ಮೆಯಿಂದ ಹೇಳಿಕೊಳ್ಳುವ ಈ ಪ್ರಸಂಗದ ಜೊತೆಗೇ, ಕೈದಿಗಳ ವಾಪಸಾತಿ 1974ರ ಏಪ್ರಿಲ್ ತನಕ ಎಳೆಯಿತು ಎಂಬುದನ್ನೂ ಹೇಳಬೇಕು. ಕದನ ನಿಂತ ಮೇಲೆ ತಡಮಾಡದೆ ಬಿಡಬೇಕೆನ್ನುತ್ತದೆ ಒಪ್ಪಂದದ 118ನೆಯ ವಿಧಿ. ಒಳ್ಳೆಯ ಊಟವೂ ದೀರ್ಘ ಸೆರೆಯೂ ಒಂದೇ ಶಿಬಿರದಲ್ಲಿದ್ದವು.

ಹಕ್ಕಿಗೂ ಉಪಕಾರ ಸ್ಮರಣೆ ಏಕೆಂಬ ಪ್ರಶ್ನೆಗೆ ತಕ್ಕ ಉತ್ತರ ಕಾರ್ಗಿಲ್ ಯುದ್ಧದಲ್ಲಿದೆ. 1999ರ ಮೇ 27ರಂದು ಫ್ಲೈಟ್ ಲೆಫ್ಟಿನೆಂಟ್ ಕಂಬಂಪಾಟಿ ನಚಿಕೇತ ಅವರ ಮಿಗ್-27 ವಿಮಾನದ ಎಂಜಿನ್ ಕೆಟ್ಟು, ಹೊರಜಿಗಿದ ಅವರು ಪಾಕಿಸ್ತಾನಿ ಸೈನಿಕರಿಗೆ ಸಿಕ್ಕಿಬಿದ್ದರು. ತಮ್ಮ ಮೇಲೆ ಬಾಂಬು ಹಾಕಲು ಬಂದವನೆಂಬ ಸಿಟ್ಟಿನಲ್ಲಿ ಆ ಸೈನಿಕರು ಅವರನ್ನು ಹೊಡೆದರು. ಆಗ ಬಂದ ಹಿರಿಯ ಅಧಿಕಾರಿಯೊಬ್ಬರು, ಈತ ಈಗ ಕೈದಿ, ಹೀಗೆ ನಡೆಸಿಕೊಳ್ಳುವಂತಿಲ್ಲ ಎಂದು ಸೈನಿಕರನ್ನು ತಡೆದರು. ಒಪ್ಪಂದ ಎಲ್ಲರಿಗೂ ಇತ್ತು. ಆ ಗಳಿಗೆಯಲ್ಲಿ ಅದನ್ನು ನೆನೆದವರು ಒಬ್ಬರೇ. ಹಾಗಾಗಿ ನಚಿಕೇತ ಅವರು ಮುಂದೆ ಮೆಚ್ಚಿ ಮಾತಾಡಿದ್ದು ಆ ಅಧಿಕಾರಿಯ ಪ್ರಬುದ್ಧತೆಯನ್ನೇ ಹೊರತು ಪಾಕಿಸ್ತಾನವನ್ನಲ್ಲ. ಜೂನ್ 3ರಂದು ಅವರನ್ನು ರೆಡ್ ಕ್ರಾಸ್‌ಗೆ ಒಪ್ಪಿಸಲಾಯಿತು. ಅಧಿಕಾರಿಯನ್ನು ಹೊಗಳಿದರೂ ತಾವು ತಿಂದ ಏಟುಗಳನ್ನು ಅವರು ಮುಚ್ಚಿಡಲಿಲ್ಲ. ಬೆನ್ನಿಗಾದ ಪೆಟ್ಟಿನಿಂದ ಯುದ್ಧವಿಮಾನ ಬಿಡಬೇಕಾಗಿ ಬಂದರೂ, ಸಾರಿಗೆ ವಿಮಾನಗಳ ಪೈಲಟ್ ಆಗಿ ವಾಯುಸೇನೆಯಲ್ಲೇ ಮುಂದುವರಿದರು.