ಜೆಲ್‌ಗೆ ಮೊದಲು ಟವೆಲ್ ಬೇಡ

ಗುಂಗುರು ಕೂದಲಿನವರು ಸಲೂನಿನ ಕುರ್ಚಿಯಲ್ಲಿ ಕೂತ ಕೂಡಲೇ ಚೀಲದಿಂದ ಒಂದೊಂದೇ ಡಬ್ಬಿ ತೆಗೆದು ಮುಂದಿಡುತ್ತಾರೆ. ಕರ್ಲ್ ಕ್ರೀಮು, ಸೀರಮ್ಮು, ಅಗಸೆ ಬೀಜದ ಜೆಲ್ಲು, ಹೆಸರು ಓದಲಿಕ್ಕೇ ಬಾರದ ಇನ್ನೊಂದು ಮುಲಾಮು. ಇಷ್ಟೆಲ್ಲ ಹಚ್ಚಿದರೂ ಕೆದರಿಕೊಂಡೇ ಇರುತ್ತದೆ, ಇನ್ನೇನು ಹಚ್ಚಲಿ ಎಂಬ ಪ್ರಶ್ನೆ. ಏನು ಹಚ್ಚುತ್ತೀರಿ ಅನ್ನುವುದು ಆಮೇಲೆ, ಯಾವಾಗ ಹಚ್ಚುತ್ತೀರಿ ಹೇಳಿ ಎಂದರೆ ಬಹುಪಾಲು ಜನ ಕೊಡುವ ಉತ್ತರ ಒಂದೇ: ‘ಸ್ನಾನ ಮುಗಿಸಿ, ಟವೆಲ್‌ನಲ್ಲಿ ಚೆನ್ನಾಗಿ ಒರೆಸಿಕೊಂಡು, ಸ್ವಲ್ಪ ಆರಿದ ಮೇಲೆ.’ ಎಡವಟ್ಟಾಗುವುದು ಅಲ್ಲೇ. ಟವೆಲ್ ತಲೆಗೆ ತಾಗಿದ ಮೇಲೆ ಎಷ್ಟು ಒಳ್ಳೆಯ ಜೆಲ್ ಹಚ್ಚಿದರೂ ಅರ್ಧ ಕೆಲಸ ಕೆಟ್ಟಿರುತ್ತದೆ.

ಇದನ್ನು ಎಷ್ಟು ಸಲ ಹೇಳಿದರೂ ಸಾಲದು, ಹಾಗಾಗಿ ಬಿಡಿಸಿಯೇ ಹೇಳುತ್ತೇನೆ. ಪೂರ್ತಿ ನೆನೆದ ಕೂದಲು ತನ್ನ ತೂಕದ ಸುಮಾರು 30 ಶೇಕಡಾದಷ್ಟು ನೀರು ಹೀರಿಕೊಳ್ಳುತ್ತದೆ. ಉದ್ದದಲ್ಲಿ ಹೆಚ್ಚು ವ್ಯತ್ಯಾಸ ಆಗುವುದಿಲ್ಲ, ದಪ್ಪ ಮಾತ್ರ ಸುಮಾರು 15 ಶೇಕಡಾ ಊದಿಕೊಳ್ಳುತ್ತದೆ. ಕೂದಲಿನೊಳಗಿನ ಕೆರಾಟಿನ್ ಎಂಬ ಪ್ರೋಟೀನಿನ ಎಳೆಗಳನ್ನು ಹಿಡಿದಿಟ್ಟಿರುವ ಹೈಡ್ರೋಜನ್ ಬಂಧಗಳು ನೀರು ಹೊಕ್ಕಾಗ ಸಡಿಲವಾಗುತ್ತವೆ. ಒಣಗುತ್ತಾ ಬಂದಂತೆ, ಆ ಹೊತ್ತಿಗೆ ಕೂದಲು ಯಾವ ಭಂಗಿಯಲ್ಲಿದೆಯೋ ಅದೇ ಭಂಗಿಯಲ್ಲಿ ಮತ್ತೆ ಬಿಗಿದುಕೊಳ್ಳುತ್ತವೆ. ಒತ್ತೊತ್ತಾಗಿ ಸುರುಳಿಯಲ್ಲಿದ್ದರೆ ಸುರುಳಿಯಾಗಿ, ದಿಕ್ಕಿಗೊಂದರಂತೆ ಎದ್ದು ನಿಂತಿದ್ದರೆ ಹಾಗೆಯೇ. ಒಣಗಿದ ಮೇಲೆ ಏನು ಸವರಿದರೂ ಆ ಭಂಗಿ ಬದಲಾಗದು. ಅದನ್ನು ಬದಲಿಸಬೇಕೆಂದರೆ ಮತ್ತೆ ನೆನೆಸಲೇಬೇಕು.

ಹೊರಗಡೆ ನಡೆಯುವುದು ಇನ್ನೂ ಮುಖ್ಯ. ಶವರ್ ಕೆಳಗೆ ತಲೆ ಬಗ್ಗಿಸಿ ನಿಂತಾಗ ಒಮ್ಮೆ ಕನ್ನಡಿಯಲ್ಲೋ ಕೈಯಲ್ಲೋ ನೋಡಿಕೊಳ್ಳಿ. ಕೂದಲು ಬಿಡಿಬಿಡಿಯಾಗಿ ಇರುವುದಿಲ್ಲ, ಹತ್ತಾರು ಎಳೆ ಒಂದಕ್ಕೊಂದು ಅಂಟಿಕೊಂಡು ಬೆರಳು ದಪ್ಪದ ಗೊಂಚಲುಗಳಾಗಿ ಜೋತುಬಿದ್ದಿರುತ್ತವೆ. ಎಳೆಗಳ ನಡುವೆ ನಿಂತ ನೀರೇ ಅವನ್ನು ಹೀಗೆ ಸೆಳೆದು ಕೂಡಿಸಿರುತ್ತದೆ. ನಿಮಗೆ ಬೇಕಾದ ಸುರುಳಿ ಅಂದರೆ ಆ ಗೊಂಚಲೇ. ಟವೆಲ್ ಹಾಕಿ ತಿಕ್ಕಿದಿರಾ, ಗೊಂಚಲು ನೂರು ಎಳೆಯಾಗಿ ಒಡೆಯಿತು. ಮೇಲ್ಮೈಯ ತೆಳು ಕೂದಲು ಬೇಗ ಆರುತ್ತದೆ, ಹಾಗಾಗಿ ಒಡೆದ ಭಂಗಿಯಲ್ಲೇ ಬಿಗಿಯಲೂ ಶುರುವಾಯಿತು. ಅದರ ಮೇಲೆ ಜೆಲ್ ಹಚ್ಚಿದರೆ ಜೆಲ್ ತನ್ನ ಕೆಲಸ ಸರಿಯಾಗಿಯೇ ಮಾಡುತ್ತದೆ, ಕೆದರಿದ್ದನ್ನು ಕೆದರಿದಂತೆ ಹಿಡಿದಿಡುತ್ತದೆ. ಆಮೇಲೆ ಜೆಲ್ ಸರಿಯಿಲ್ಲ ಎಂದು ಇನ್ನೊಂದು ಕಂಪನಿಯದು ತರುತ್ತೀರಿ.

ಸುರುಳಿ ಹುಟ್ಟುವುದು ನೆತ್ತಿಯ ಒಳಗೆ, ಕೂದಲಿನ ಬೇರುಕೋಶದ ಬಾಗಿನಿಂದ. ಯಾವ ಕ್ರೀಮೂ ಸುರುಳಿಯನ್ನು ಹುಟ್ಟಿಸುವುದಿಲ್ಲ, ಇದ್ದದ್ದನ್ನು ಒಟ್ಟಿಗೆ ಇಟ್ಟುಕೊಳ್ಳಲು ನೆರವಾಗುತ್ತದೆ ಅಷ್ಟೆ.

ಈಗ ಕ್ರಮಕ್ಕೆ ಬರೋಣ. ಶಾಂಪೂ ನೆತ್ತಿಗೆ, ಕಂಡಿಷನರ್ ಉದ್ದಕ್ಕೆ ಎನ್ನುವುದೆಲ್ಲ ನಿಮಗೆ ಗೊತ್ತಿದೆ ಎಂದುಕೊಂಡಿದ್ದೇನೆ. ಸಿಕ್ಕು ಬಿಡಿಸುವ ಕೆಲಸ ಮಾತ್ರ ಕಂಡಿಷನರ್ ಹಚ್ಚಿರುವಾಗಲೇ ಮುಗಿಯಬೇಕು. ನೇರ ಕೂದಲನ್ನು ಒಣಗಿದಾಗ ಬಾಚುವುದು ಸುಲಭ, ಗುಂಗುರು ಕೂದಲಿಗೆ ಇದು ತಿರುಗುಮುರುಗು. ಕಂಡಿಷನರ್‌ನಿಂದ ಜಾರು ಬಂದ ಮೇಲೆ ತುದಿಯಿಂದ ಶುರುಮಾಡಿ, ಒಂದು ಗೇಣು ಬಿಡಿಸಿ, ಅದರ ಮೇಲಿನ ಗೇಣಿಗೆ ಹೋಗಬೇಕು. ಬೆರಳಾದರೂ ಸರಿ, ಅಗಲ ಹಲ್ಲಿನ ಬಾಚಣಿಗೆಯಾದರೂ ಸರಿ. ಬುಡದಿಂದ ಎಳೆದರೆ ಸಿಕ್ಕೆಲ್ಲ ಕೆಳಗೆ ಕೂಡಿ ಗಂಟಾಗುತ್ತದೆ, ಮತ್ತೆ ಒದ್ದೆ ಕೂದಲು ಒಣಗಿದ್ದಕ್ಕಿಂತ ಹೆಚ್ಚು ಹಿಗ್ಗುವುದರಿಂದ ಎಳೆದಷ್ಟೂ ಹಿಗ್ಗಿ ತುಂಡಾಗುತ್ತದೆ. ತೊಳೆದಾದ ಮೇಲೆ ಬಾಚಣಿಗೆಯನ್ನು ಮರೆತುಬಿಡಿ, ಮುಂದಿನ ತಲೆಸ್ನಾನದವರೆಗೆ.

ನಲ್ಲಿ ನಿಲ್ಲಿಸಿದ ಮೇಲೆ ಸ್ನಾನದ ಕೋಣೆಯಿಂದ ಹೊರಗೆ ಬರಬೇಡಿ. ಕೂದಲಿನಿಂದ ನೀರು ತೊಟ್ಟಿಕ್ಕುತ್ತಿರಬೇಕು. ತಲೆ ಮುಂದಕ್ಕೆ ಬಗ್ಗಿಸಿ. ಭುಜ ಮುಟ್ಟುವಷ್ಟು ಉದ್ದದ, ಮಧ್ಯಮ ದಪ್ಪದ ಕೂದಲಿಗೆ ಜೆಲ್ ಒಂದೂವರೆಯಿಂದ ಎರಡು ಟೀ ಚಮಚ ಸಾಕಾಗುತ್ತದೆ. ದಟ್ಟ, ಬಿಗಿ ಸುರುಳಿಯಾಗಿದ್ದರೆ ಒಂದು ದೊಡ್ಡ ಚಮಚಕ್ಕೂ ಮೇಲೆ ಬೇಕಾದೀತು. ಎಲ್ಲರಿಗೂ ಇದೇ ಅಳತೆ ಎಂದು ಹೇಳಲಾರೆ, ಕೂದಲಿನ ದಟ್ಟಣೆ ನೋಡಿ ಎರಡು ಮೂರು ತಲೆಸ್ನಾನದಲ್ಲಿ ನಿಮ್ಮ ಅಳತೆ ನಿಮಗೇ ಸಿಗುತ್ತದೆ. ಎರಡೂ ಅಂಗೈಗೆ ಸವರಿಕೊಂಡು, ಅಂಗೈಗಳ ನಡುವೆ ಒಂದೊಂದೇ ಗೊಂಚಲನ್ನು ಇಟ್ಟು ಮೇಲಿಂದ ಕೆಳಗೆ ಜಾರಿಸಿ. ಉಜ್ಜಬಾರದು. ಹಿಂಭಾಗ, ಎರಡು ಪಕ್ಕ, ಕೊನೆಗೆ ಮುಂದಿನದು. ಮುಂದಿನ ಕೂದಲಿಗೆ ಮೊದಲೇ ಎಲ್ಲ ಸುರಿದು ಹಿಂದಕ್ಕೆ ಏನೂ ಉಳಿಸದವರೇ ಹೆಚ್ಚು.

ಆಮೇಲೆ ಅಂಗೈಯನ್ನು ಬಟ್ಟಲಿನಂತೆ ಮಾಡಿ, ತುದಿಯನ್ನು ಅದರಲ್ಲಿ ಕೂರಿಸಿ, ನೆತ್ತಿಯ ಕಡೆಗೆ ಎತ್ತಿ ಒತ್ತಿ ಹಿಡಿಯಿರಿ. ಆಗ ಚಪ್ ಚಪ್ ಎಂದು ಸದ್ದು ಬರಬೇಕು. ಆ ಸದ್ದು ಬಂದರೆ ನೀರು ಸರಿಯಾಗಿದೆ ಎಂದರ್ಥ. ಬರಲಿಲ್ಲವಾದರೆ ಇನ್ನಷ್ಟು ಜೆಲ್ ಹಾಕುವ ಗೋಜಿಗೆ ಹೋಗಬೇಡಿ, ಒಂದು ಹಿಡಿ ನೀರು ತೆಗೆದು ಅದೇ ರೀತಿ ಒತ್ತಿ. ಜೆಲ್ ಎಳೆಯ ಉದ್ದಕ್ಕೂ ಸಮನಾಗಿ ಹರಡುವುದು ನೀರಿನ ಮೂಲಕವೇ. ನೀರಿಲ್ಲದ ಕಡೆ ಅದು ಮುದ್ದೆಯಾಗಿ ಒಂದೇ ಜಾಗದಲ್ಲಿ ನಿಂತು, ಒಣಗಿದಾಗ ಬಿಳಿ ಹೊಟ್ಟಿನಂತೆ ಉದುರುತ್ತದೆ. ಅದನ್ನು ತಲೆಹೊಟ್ಟು ಎಂದುಕೊಂಡು ಔಷಧಿ ಶಾಂಪೂ ಹಾಕಿಕೊಂಡವರನ್ನೂ ನೋಡುತ್ತಿರುತ್ತೇವೆ. ಬಿಳಿ ಉದುರುವುದಕ್ಕೆ ಇನ್ನೊಂದು ಕಾರಣ, ಕ್ರೀಮಿಗೂ ಜೆಲ್ಲಿಗೂ ಹೊಂದಾಣಿಕೆ ಇಲ್ಲದಿರುವುದು. ಹಚ್ಚುವ ಮೊದಲು ಎರಡನ್ನೂ ಒಂದೊಂದು ಹನಿ ಅಂಗೈಯಲ್ಲಿ ಕಲಸಿ ನೋಡಿ. ನಯವಾಗಿ ಬೆರೆತರೆ ಸರಿ, ಒಡೆದು ಕಣಕಣವಾದರೆ ಆ ಜೋಡಿ ಬೇಡ.

ಇಲ್ಲಿ ಒಂದು ಮಾತು ಸೇರಿಸಬೇಕು. ಸಡಿಲ ಅಲೆಯ, ತೆಳು ಎಳೆಯ ಕೂದಲಿನವರಿಗೆ ಇಷ್ಟು ನೀರು ಕೆಲವೊಮ್ಮೆ ಭಾರವಾಗುತ್ತದೆ, ಒಣಗುವಷ್ಟರಲ್ಲಿ ಆ ತೂಕಕ್ಕೇ ಅಲೆ ಜಗ್ಗಿ ನೇರವಾಗುತ್ತದೆ. ಅಂಥವರು ಕ್ರೀಮನ್ನು ಪೂರ್ತಿ ಬಿಟ್ಟು, ಹಗುರ ಜೆಲ್ ಅಥವಾ ನೊರೆಯಂತಿರುವ ಮೂಸ್ ಮಾತ್ರ ಹಚ್ಚುವುದು ಒಳ್ಳೆಯದು. ಹಚ್ಚುವ ಮೊದಲು ಒಂದಿಷ್ಟು ನೀರು ತೆಗೆಯಬಹುದು. ಆದರೆ ಕೈಯಿಂದ, ಗೊಂಚಲನ್ನು ಕೆಳಗಿನಿಂದ ಮೇಲಕ್ಕೆ ಹಿಂಡಿ. ಬಟ್ಟೆ ಹಿಂಡುವಂತೆ ತಿರುಚುವುದು ಇವರಿಗೂ ಬೇಡ.

ಬಟ್ಟೆಯ ಸರದಿ ಈಗ ಬರುತ್ತದೆ, ಜೆಲ್ ಆದ ಮೇಲೆ. ದಾರದ ಕುಣಿಕೆಗಳಿರುವ ಟರ್ಕಿ ಟವೆಲ್ ಬದಲು ಹಳೆಯ ಹತ್ತಿಯ ಟಿ-ಶರ್ಟ್ ಅಥವಾ ಮೈಕ್ರೋಫೈಬರ್ ಬಟ್ಟೆ ತೆಗೆದುಕೊಳ್ಳಿ. ತುದಿಯ ಕೆಳಗೆ ಬಟ್ಟೆ ಹಿಡಿದು ಮೇಲಕ್ಕೆ ಒತ್ತಿ, ಬಿಡಿ. ಅಥವಾ ಟಿ-ಶರ್ಟನ್ನು ಕುರ್ಚಿಯ ಮೇಲೆ ಹರಡಿ, ತಲೆ ಬಗ್ಗಿಸಿ ಕೂದಲನ್ನೆಲ್ಲ ಅದರ ನಡುವೆ ಗುಡ್ಡೆಯಾಗಿ ಕೂರಿಸಿ, ತೋಳುಗಳನ್ನು ಹಿಂದಕ್ಕೆ ಕಟ್ಟಿ. ಹತ್ತು ಹದಿನೈದು ನಿಮಿಷ ಸಾಕು. ರಾತ್ರಿಯಿಡೀ ಕಟ್ಟಿಕೊಂಡು ಮಲಗಿದರೆ ಬುಡ ಚಪ್ಪಟೆಯಾಗಿ ತುದಿ ಅಡ್ಡಾದಿಡ್ಡಿ ಮಡಚಿಕೊಂಡಿರುತ್ತದೆ. ನೆತ್ತಿಗೂ ಅಷ್ಟು ಹೊತ್ತು ತೇವ ಒಳ್ಳೆಯದಲ್ಲ.

ಬಟ್ಟೆ ಬಿಚ್ಚಿದ ಮೇಲೆ ಕೈ ಕಟ್ಟಿ ಕೂರಬೇಕು. ಜನರಿಗೆ ಇದು ಆಗುವುದೇ ಇಲ್ಲ. ಕನ್ನಡಿ ಕಂಡಲ್ಲೆಲ್ಲ ಬೆರಳು ಹಾಕುತ್ತಾರೆ, ಫೋನಿನಲ್ಲಿ ಮಾತಾಡುತ್ತಾ ಒಂದು ಎಳೆ ಸುತ್ತುತ್ತಾರೆ, ಒಣಗಿತೇ ಎಂದು ಬೈತಲೆ ಕೆದಕುತ್ತಾರೆ. ಅರ್ಧ ಒಣಗಿದ ಹೊತ್ತಿನಲ್ಲಿ ಬಂಧಗಳು ಬಿಗಿಯುತ್ತಿರುತ್ತವೆ, ಜೆಲ್ಲಿನ ಪೊರೆ ಇನ್ನೂ ಗಟ್ಟಿಯಾಗಿರುವುದಿಲ್ಲ. ಆಗ ಮುಟ್ಟಿದ ಪ್ರತಿ ಗೊಂಚಲೂ ಒಡೆಯುತ್ತದೆ. ಒಣಗಿದೆಯೇ ಎಂದು ನೋಡಲೇಬೇಕಾದರೆ ಕತ್ತಿನ ಹಿಂದೆ, ಒಳಪದರದಲ್ಲಿ ಒಂದು ಬೆರಳಿಟ್ಟು ನೋಡಿ. ಕೊನೆಗೆ ಒಣಗುವುದು ಅದೇ. ಅಲ್ಲಿ ತಂಪು ತಾಗಿದರೆ ಇನ್ನೂ ಆಗಿಲ್ಲ.

ತುರ್ತಿದ್ದರೆ ಡ್ರೈಯರ್ ಬಳಸಿ, ಅದರ ಮೂತಿಗೆ ಡಿಫ್ಯೂಸರ್, ಅಂದರೆ ಗಾಳಿಯನ್ನು ಚದುರಿಸುವ ತೂತುಗಳ ಬಟ್ಟಲು, ಹಾಕಿಯೇ. ಬರಿಯ ಡ್ರೈಯರ್‌ನ ಗಾಳಿ ಟವೆಲ್ ಮಾಡುವ ಕೆಲಸವನ್ನೇ ಮಾಡುತ್ತದೆ. ವೇಗ ಕಡಿಮೆ, ಬಿಸಿ ಮಧ್ಯಮ ಇರಲಿ. ಮೊದಲ ಐದಾರು ನಿಮಿಷ ಕೂದಲಿಗೆ ತಾಗಿಸದೆ ಸುತ್ತಲೂ ಆಡಿಸಿ. ಮೇಲ್ಮೈ ಗಟ್ಟಿಯಾಗುತ್ತಿದ್ದಂತೆ ಒಂದು ಭಾಗವನ್ನು ಡಿಫ್ಯೂಸರ್ ಬಟ್ಟಲಿನಲ್ಲಿ ಕೂರಿಸಿ, ಬುಡದ ಹತ್ತಿರ ತಂದು ಎರಡು ಮೂರು ನಿಮಿಷ ಅಲ್ಲಾಡಿಸದೆ ಹಿಡಿದು, ಸ್ವಿಚ್ ಆರಿಸಿಯೇ ಮುಂದಿನ ಭಾಗಕ್ಕೆ ಹೋಗಿ. ಗಾಳಿ ಬೀಸುತ್ತಿರುವಾಗ ಡ್ರೈಯರನ್ನು ಹಿಂದಕ್ಕೆ ಎಳೆದರೆ ಆ ಒಂದು ಕ್ಷಣದಲ್ಲೇ ಗೊಂಚಲು ಹಾರಿ ಚದುರುತ್ತದೆ.

ಪೂರ್ತಿ ಒಣಗಿದಾಗ ಕೂದಲು ಗರಿಗರಿಯಾಗಿ, ತಂತಿಯಂತೆ ಸೆಟೆದುಕೊಂಡಿರುತ್ತದೆ. ಇಲ್ಲಿ ಎರಡನೇ ಅನಾಹುತ. ‘ಅಯ್ಯೋ, ಕಡ್ಡಿ ಕಡ್ಡಿ ಆಗಿದೆ’ ಎಂದು ಗಾಬರಿಯಾಗಿ ಬಾಚುತ್ತಾರೆ, ಇಲ್ಲವೇ ಮತ್ತೆ ತೊಳೆದೇ ಬಿಡುತ್ತಾರೆ. ತಾಳ್ಮೆಯಿರಲಿ ಮಾರಾಯ್ರೆ, ಅದು ಆಗಬೇಕಾದ್ದೇ. ಜೆಲ್ಲಿನೊಳಗಿನ ಪಾಲಿಮರ್ ಒಣಗಿ ಪ್ರತಿ ಗೊಂಚಲಿನ ಸುತ್ತ ಒಂದು ಪೊರೆ ಕಟ್ಟಿರುತ್ತದೆ. ಆ ಪೊರೆ ಇದ್ದುದರಿಂದಲೇ ಒಣಗುವಾಗ ಎಳೆಗಳು ಚದುರಲಿಲ್ಲ. ಎರಡು ಮೂರು ಹನಿ ಎಣ್ಣೆ ಅಂಗೈಗೆ ಸವರಿಕೊಂಡು, ಹಿಂದಿನಂತೆಯೇ ತುದಿಯಿಂದ ಮೇಲಕ್ಕೆ ಒತ್ತುತ್ತಾ ಬಂದರೆ ಪೊರೆ ಪುಡಿಯಾಗಿ ಕೂದಲು ಮೆತ್ತಗಾಗುತ್ತದೆ, ಸುರುಳಿ ಹಾಗೇ ಉಳಿಯುತ್ತದೆ. ಕತ್ತಿನ ಹಿಂದೆ ತೇವ ಇರುವಾಗಲೇ ಈ ಕೆಲಸಕ್ಕೆ ಕೈಹಾಕಿದರೆ ಮಾತ್ರ ಮಾಡಿದ್ದೆಲ್ಲ ಹೊಳೆಯಲ್ಲಿ ಹುಣಸೆಹಣ್ಣು ತೊಳೆದಂತೆ.

ಎಣ್ಣೆಯ ವಿಷಯವನ್ನೂ ಹೇಳಿಬಿಡುತ್ತೇನೆ. ಎಣ್ಣೆ ಕೂದಲಿಗೆ ತೇವ ಕೊಡುವುದಿಲ್ಲ, ಅದರಲ್ಲಿ ನೀರೇ ಇಲ್ಲ. ಜಾರು ಕೊಡುತ್ತದೆ, ಒಳಗಿನ ತೇವ ಆರುವುದನ್ನು ಒಂದಿಷ್ಟು ತಡೆಯುತ್ತದೆ. ತಲೆಸ್ನಾನಕ್ಕೆ ಮೊದಲು ಉದ್ದಕ್ಕೆ ಹಚ್ಚಿದರೆ ಕೂದಲು ತೀರಾ ನೀರು ಕುಡಿದು ಊದುವುದು ಕಡಿಮೆಯಾಗುತ್ತದೆ, ಅಷ್ಟು ಲಾಭ ಉಂಟು. ನೆತ್ತಿಯಲ್ಲಿ ತುರಿಕೆ, ಹಳದಿ ಜಿಡ್ಡಿನ ಹೊಟ್ಟು ಇರುವವರು ಮಾತ್ರ ನೆತ್ತಿಗೆ ಎಣ್ಣೆ ಹಾಕಬೇಡಿ, ಅಂಥ ಹೊಟ್ಟಿಗೆ ಕಾರಣವಾಗುವ ಶಿಲೀಂಧ್ರ ಬೆಳೆಯುವುದು ಜಿಡ್ಡು ತಿಂದೇ. ತುರಿಕೆ ವಾರಗಟ್ಟಲೆ ನಿಲ್ಲದಿದ್ದರೆ, ಇಲ್ಲವೇ ಅಲ್ಲಲ್ಲಿ ಕೂದಲು ಉದುರಿ ನೆತ್ತಿ ಕಾಣುತ್ತಿದ್ದರೆ ಚರ್ಮದ ವೈದ್ಯರಿಗೆ ತೋರಿಸಿ. ಸಲೂನಿನಲ್ಲಿ ಅದಕ್ಕೆ ಔಷಧಿ ಇಲ್ಲ.

ಉದುರುವ ಮಾತು ಬಂದಿದ್ದಕ್ಕೆ ಇನ್ನೊಂದು ಗಾಬರಿ ನೆನಪಾಯಿತು. ದಿನಕ್ಕೆ 50ರಿಂದ 100 ಕೂದಲು ಉದುರುವುದು ಸಹಜ. ನೇರ ಕೂದಲಿನವರದು ಬಾಚಿದಾಗ, ಓಡಾಡುವಾಗ ದಿನವೂ ಬಿದ್ದುಹೋಗುತ್ತದೆ. ಗುಂಗುರಿನಲ್ಲಿ ಉದುರಿದ್ದು ಸುರುಳಿಯೊಳಗೇ ಸಿಕ್ಕಿಕೊಂಡಿದ್ದು, ನಾಲ್ಕು ದಿನದ ಲೆಕ್ಕ ಒಮ್ಮೆಗೇ ಕಂಡಿಷನರ್ ಹಚ್ಚಿದ ಕೈಗೆ ಬರುತ್ತದೆ. ಒಂದು ಹಿಡಿ ಕಂಡಿತೆಂದು ಆವತ್ತೇ ಶಾಂಪೂ ಬದಲಿಸಬೇಕಿಲ್ಲ.

ಮರುದಿನ ಎದ್ದಾಗ ಒಂದು ಪಕ್ಕ ಚಪ್ಪಟೆಯಾಗಿದ್ದರೆ ತಲೆ ಪೂರ್ತಿ ನೆನೆಸಬೇಡಿ, ಒಣ ಕೂದಲಿಗೆ ಜೆಲ್ಲನ್ನೂ ಬಳಿಯಬೇಡಿ. ಕೆಟ್ಟಿರುವ ಗೊಂಚಲುಗಳನ್ನು ಮಾತ್ರ ಸ್ಪ್ರೇ ಬಾಟಲಿಯ ನೀರಿನಿಂದ ನೀರಿಳಿಯುವಷ್ಟು ಒದ್ದೆ ಮಾಡಿ, ಬಟಾಣಿ ಗಾತ್ರದ ಜೆಲ್ಲನ್ನು ನೀರಿನಲ್ಲಿ ತೆಳುಮಾಡಿ ಸವರಿ, ಬೆರಳಿಗೆ ಒಮ್ಮೆ ಸುತ್ತಿ ಬಿಡಿ, ಒಣಗುವವರೆಗೆ ಮುಟ್ಟಬೇಡಿ. ಮೂರು ನಾಲ್ಕು ದಿನ ಹೀಗೆ ದೂಡಬಹುದು. ಅಷ್ಟರಲ್ಲಿ ಸುರುಳಿ ಜೋಲುಬಿದ್ದು, ಮುಟ್ಟಿದರೆ ಮೇಣ ಮೆತ್ತಿದಂತೆ ಅನಿಸಿದರೆ ಜೆಲ್, ಕ್ರೀಮು, ಸೀರಮ್ಮಿನಲ್ಲಿರುವ ಸಿಲಿಕೋನ್ ಪದರ ಕೂಡಿದೆ ಎಂದರ್ಥ. ಡೈಮೆಥಿಕೋನ್‌ನಂಥ ಸಿಲಿಕೋನುಗಳು ನೀರಿನಲ್ಲಿ ಕರಗುವುದಿಲ್ಲ, ಬರಿ ಕಂಡಿಷನರ್‌ನಿಂದ ಹೋಗುವುದೂ ಇಲ್ಲ. ತಿಂಗಳಿಗೊಮ್ಮೆಯೋ ಎರಡು ಸಲವೋ ಜಿಡ್ಡು ಕೀಳುವ ಸಲ್ಫೇಟ್ ಇರುವ ಖಡಕ್ ಶಾಂಪೂವಿನಿಂದಲೇ ತೊಳೆಯಿರಿ. ಸಲ್ಫೇಟ್ ಎಂದರೆ ವಿಷ ಎಂದುಕೊಂಡವರು ಇದಕ್ಕೆ ಒಪ್ಪುವುದಿಲ್ಲ, ಆದರೆ ಪದರ ಹೋಗದೆ ಒದ್ದೆ ಕೂದಲಿಗೆ ಎಷ್ಟು ಜೆಲ್ ಹಚ್ಚಿದರೂ ಅದು ಎಳೆಯ ಮೇಲೆ ಕೂರುವುದಿಲ್ಲ.

ಇಷ್ಟೆಲ್ಲ ಮಾಡಿಯೂ ಬುಡದ ಕಡೆ ಸುರುಳಿ ಚೆನ್ನಾಗಿದ್ದು ತುದಿ ನಾಲ್ಕು ಬೆರಳಷ್ಟು ಮಾತ್ರ ಸಪಾಟಾಗಿ, ಒರಟಾಗಿ ಉಳಿದಿದ್ದರೆ, ಹಿಂದೆ ಇಸ್ತ್ರಿ ಮಾಡಿಸಿದ್ದೋ ರಾಸಾಯನಿಕ ಹಾಕಿ ನೇರ ಮಾಡಿಸಿದ್ದೋ ಇರಬೇಕು. ಅಲ್ಲಿ ಒಳಗಿನ ಗಟ್ಟಿ ಬಂಧಗಳೇ ಮುರಿದಿರುತ್ತವೆ, ನೀರಿನಿಂದಾಗಲೀ ಜೆಲ್ಲಿನಿಂದಾಗಲೀ ಮರಳಿ ಬಾರವು. ಕೂದಲು ಬೆಳೆಯುವುದು ತಿಂಗಳಿಗೆ ಸುಮಾರು ಒಂದು ಸೆಂಟಿಮೀಟರ್. ಎರಡು ಮೂರು ತಿಂಗಳಿಗೊಮ್ಮೆ ಬಂದು ಅಷ್ಟಷ್ಟೇ ಕತ್ತರಿಸಿಕೊಳ್ಳಿ. ಬರುವಾಗ ಬಾಚದೆ, ಕಟ್ಟದೆ, ಸುರುಳಿ ಬಿಟ್ಟುಕೊಂಡೇ ಬನ್ನಿ. ಕೂದಲು ಒಣಗಿರುವಾಗ ಎಷ್ಟು ಮೇಲಕ್ಕೆ ಸೆಳೆದುಕೊಳ್ಳುತ್ತದೆ ಎಂಬುದು ಕಾಣದೆ ಕತ್ತರಿ ಹಾಕಿದರೆ ಎರಡು ಬೆರಳು ಹೋಗಬೇಕಾದ ಕಡೆ ಐದು ಬೆರಳು ಹೋಗುತ್ತದೆ.