ಡಿಸೆಂಬರ್ 10: ಒಂದು ತಾರೀಖು, ಅದರ ಬೆನ್ನಿಗೆ ಬರುವ ಪ್ರಶ್ನೆಗಳು

ದಿನವಿಶೇಷದ ಪಟ್ಟಿಗಳಲ್ಲಿ ಡಿಸೆಂಬರ್ 10ರ ಎದುರು ಸಾಮಾನ್ಯವಾಗಿ 'ಮಾನವ ಹಕ್ಕುಗಳ ದಿನ' ಎಂದಷ್ಟೇ ಇರುತ್ತದೆ. ಚಿತ್ರದುರ್ಗ, ದಾವಣಗೆರೆಯಲ್ಲಿ ಕೂತು ಸರ್ಕಾರಿ ಹುದ್ದೆಯ ಪರೀಕ್ಷೆಗಳಾದ ಎಫ್‌ಡಿಎ, ಪಿಡಿಒ, ಕೆಎಎಸ್‌ಗೆ ಓದುವವರು ಇಷ್ಟಕ್ಕೇ ಪುಟ ತಿರುವಬಾರದು. ಮುಖ್ಯಮಂತ್ರಿಯಾಗಿದ್ದ ಎಸ್. ನಿಜಲಿಂಗಪ್ಪ ಹುಟ್ಟಿದ್ದೂ ಇದೇ ದಿನ, 1902ರಲ್ಲಿ. ತಾರೀಖು ಹೇಗೋ ನೆನಪಿರುತ್ತದೆ. ಅಂಕ ಹೋಗುವುದು 'ಎಲ್ಲಿ', 'ಎಷ್ಟನೇ ಸಲ' ಎಂಬ ಮರುಪ್ರಶ್ನೆಯಲ್ಲಿ.

ಅವರ ಹುಟ್ಟೂರು ಹರಪನಹಳ್ಳಿ ತಾಲ್ಲೂಕಿನ ಹಲುವಾಗಲು. ಜಿಲ್ಲೆ ಯಾವುದು? ಎಡವುವುದು ಇಲ್ಲೇ. 1902ರಲ್ಲಿ ಅದು ಮದ್ರಾಸ್ ಪ್ರಾಂತ್ಯದ ಬಳ್ಳಾರಿ ಜಿಲ್ಲೆ. 1997ರ ಆಗಸ್ಟ್ 15ರಂದು ದಾವಣಗೆರೆ ಜಿಲ್ಲೆ ಆದಾಗ ಹರಪನಹಳ್ಳಿ ಇತ್ತ ಬಂತು. 2018ರಲ್ಲಿ ಮತ್ತೆ ಬಳ್ಳಾರಿಗೆ ಹೋಯಿತು, 2021ರಲ್ಲಿ ಹೊಸ ವಿಜಯನಗರ ಜಿಲ್ಲೆಗೆ ಸೇರಿತು. ಹಳೇ ಗೈಡಿನಲ್ಲಿ 'ದಾವಣಗೆರೆ ಜಿಲ್ಲೆ' ಅಂತಿದ್ದರೆ ಅದು ಮುದ್ರಣದೋಷ ಅಲ್ಲ, ಆ ಕಾಲಕ್ಕೆ ಸರಿಯೇ ಇತ್ತು. 'ಅಂದು ಬಳ್ಳಾರಿ, ಇಂದು ವಿಜಯನಗರ' ಎಂದು ಎರಡನ್ನೂ ಬರೆದಿಡಿ. ವಕೀಲಿ ಮಾಡಿದ್ದು, ನೆಲೆಸಿದ್ದು ಚಿತ್ರದುರ್ಗದಲ್ಲಿ. ಸಮಾಧಿ ಹೆದ್ದಾರಿ ಪಕ್ಕದ ಸೀಬಾರದಲ್ಲಿ. ದಿನಾ ಆ ದಾರಿಯಲ್ಲಿ ಓಡಾಡುವ ನಮ್ಮವರೇ ಹುಟ್ಟೂರು ಚಿತ್ರದುರ್ಗ ಎಂದು ಬರೆದು ಬರುತ್ತಾರೆ!

ಇನ್ನು 'ಮೊದಲ ಮುಖ್ಯಮಂತ್ರಿ'. ಪ್ರಶ್ನೆಯಲ್ಲಿ 'ಏಕೀಕೃತ' ಎಂಬ ಪದ ಇದೆಯೋ ಇಲ್ಲವೋ ನೋಡಿ. 1947ರ ಅಕ್ಟೋಬರ್‌ನಲ್ಲಿ ಹಳೇ ಮೈಸೂರಿನ ಮೊದಲ ಮುಖ್ಯಮಂತ್ರಿ ಆದವರು ಕೆ.ಸಿ. ರೆಡ್ಡಿ. 1956ರ ನವೆಂಬರ್ 1ರಂದು ಏಕೀಕೃತ ರಾಜ್ಯಕ್ಕೆ ಮೊದಲಿಗರಾದವರು ನಿಜಲಿಂಗಪ್ಪ. ಹಿಂದಿನ ದಿನದವರೆಗೆ ಆ ಕುರ್ಚಿಯಲ್ಲಿದ್ದವರು ಕಡಿದಾಳ್ ಮಂಜಪ್ಪ. ರಾಜ್ಯದ ಹೆಸರು ಆಗಲೂ ಮೈಸೂರೇ, 'ಕರ್ನಾಟಕ' ಆದದ್ದು 1973ರ ನವೆಂಬರ್ 1ಕ್ಕೆ. 1958ರಲ್ಲಿ ಬಿ.ಡಿ. ಜತ್ತಿ ಬಂದರು. 1962ರ ಚುನಾವಣೆಯಲ್ಲಿ ನಿಜಲಿಂಗಪ್ಪ ಹೊಸದುರ್ಗದಲ್ಲಿ ಸೋತರು, ಹಾಗಾಗಿ ಎಸ್.ಆರ್. ಕಂಠಿ ಮೂರು ತಿಂಗಳ ಮಟ್ಟಿಗೆ ಮುಖ್ಯಮಂತ್ರಿ. ಬಾಗಲಕೋಟೆಯಿಂದ ಗೆದ್ದು ಅದೇ ಜೂನ್‌ನಲ್ಲಿ ಮರಳಿದ ನಿಜಲಿಂಗಪ್ಪ 1968ರವರೆಗೆ ಇದ್ದರು. ಕಾಲಾನುಕ್ರಮದಲ್ಲಿ ಜೋಡಿಸಿ ಎಂದಾಗ ಕಂಠಿಯವರೇ ಬಿಟ್ಟುಹೋಗುವುದು. ಸೋಲಿನ ಕಾರಣ ಗೊತ್ತಿದ್ದರೆ ಬಿಡುವುದಿಲ್ಲ.

ಇದೇ ದಿನ ಹುಟ್ಟಿದ ಇನ್ನೊಬ್ಬರು ಸಿ. ರಾಜಗೋಪಾಲಾಚಾರಿ (ರಾಜಾಜಿ), 1878. ಅವರ ತೊರಪ್ಪಳ್ಳಿಯದೂ ಹಲುವಾಗಲಿನ ಕಥೆಯೇ: ಅಂದು ಸೇಲಂ ಜಿಲ್ಲೆ, ಆಮೇಲೆ ಧರ್ಮಪುರಿ, ಈಗ ಕೃಷ್ಣಗಿರಿ. ಇಬ್ಬರೂ ಬೆಂಗಳೂರಿನ ಸೆಂಟ್ರಲ್ ಕಾಲೇಜಿನಲ್ಲಿ ಓದಿದವರು, ಇಬ್ಬರೂ ವಕೀಲರು. ರಾಜಾಜಿ 1959ರಲ್ಲಿ ಸ್ವತಂತ್ರ ಪಕ್ಷ ಕಟ್ಟಿದರು. ಕಾಂಗ್ರೆಸ್ ಅಧ್ಯಕ್ಷರಾಗಿದ್ದ ನಿಜಲಿಂಗಪ್ಪ 1969ರ ನವೆಂಬರ್‌ನಲ್ಲಿ ಪಕ್ಷ ಒಡೆದಾಗ ಇಂದಿರಾ ವಿರೋಧಿ ಬಣವಾದ ಸಂಸ್ಥಾ ಕಾಂಗ್ರೆಸ್ಸಿನ ಕಡೆ ನಿಂತರು. 1971ರ ಲೋಕಸಭಾ ಚುನಾವಣೆಯಲ್ಲಿ ಇಂದಿರಾ ಗಾಂಧಿ ವಿರುದ್ಧ ಈ ಎರಡೂ ಪಕ್ಷ ಒಂದೇ ಮೈತ್ರಿಕೂಟದಲ್ಲಿದ್ದವು. ಜೋಡಿಯಾಗಿ ಓದಿದರೆ ಎರಡೂ ಉಳಿಯುತ್ತವೆ.

ಇತಿಹಾಸಕಾರ ಜದುನಾಥ ಸರ್ಕಾರ್ (1870), ಕಂಪ್ಯೂಟರ್ ಪ್ರಶ್ನೆಗಳಲ್ಲಿ ಬರುವ ಅಡಾ ಲವ್‌ಲೇಸ್ (1815) ಹುಟ್ಟಿದ್ದೂ ಈ ದಿನವೇ. ಇವರಿಗೆ ಇಷ್ಟು ಸಾಕು.

ಮಾನವ ಹಕ್ಕುಗಳ ವಿಷಯದಲ್ಲಿ ಎರಡು ಇಸವಿ ಕಲಸಿಹೋಗುತ್ತವೆ. ಸಾರ್ವತ್ರಿಕ ಘೋಷಣೆಯನ್ನು ವಿಶ್ವಸಂಸ್ಥೆ ಪ್ಯಾರಿಸ್‌ನಲ್ಲಿ ಅಂಗೀಕರಿಸಿದ್ದು 1948ರಲ್ಲಿ. ದಿನಾಚರಣೆಯ ನಿರ್ಣಯ ಆದದ್ದು 1950ರಲ್ಲಿ. ವಿಧಿಗಳು 30. ಪರ 48 ಮತ, ವಿರೋಧ ಸೊನ್ನೆ, ತಟಸ್ಥ 8. ಮೊದಲ ವಿಧಿಯಲ್ಲಿ 'ಎಲ್ಲ ಪುರುಷರು' ಎಂದೂ ಓದಬಹುದಾಗಿದ್ದ ಇಂಗ್ಲಿಷ್ ಮಾತನ್ನು 'ಎಲ್ಲ ಮಾನವರು' ಎಂದು ತಿದ್ದಿಸಿದವರು ಭಾರತದ ಹಂಸಾ ಮೆಹ್ತಾ. ನಮ್ಮ ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ ಸ್ಥಾಪನೆಯಾದ ದಿನ ಬೇರೆ: 1993ರ ಅಕ್ಟೋಬರ್ 12.

ನೊಬೆಲ್‌ನಲ್ಲಿ ಹುಟ್ಟು-ಸಾವು ಅದಲುಬದಲಾಗುತ್ತದೆ. ಡಿಸೆಂಬರ್ 10 ಆಲ್ಫ್ರೆಡ್ ನೊಬೆಲ್ ತೀರಿಕೊಂಡ ದಿನ (1896, ಇಟಲಿಯ ಸಾನ್ ರೆಮೊ). 1901ರಿಂದ ಪ್ರದಾನ ಇದೇ ದಿನ. ಹೆಸರು ಪ್ರಕಟವಾಗುವುದು ಅಕ್ಟೋಬರ್‌ನಲ್ಲಿ. ಶಾಂತಿ ಪ್ರಶಸ್ತಿ ಓಸ್ಲೋದಲ್ಲಿ, ಉಳಿದವು ಸ್ಟಾಕ್‌ಹೋಮ್‌ನಲ್ಲಿ. ಸಿ.ವಿ. ರಾಮನ್ 1930ರಲ್ಲಿ ಖುದ್ದಾಗಿ ಪಡೆದರು, 1913ರಲ್ಲಿ ಟ್ಯಾಗೋರ್ ಹೋಗಿರಲಿಲ್ಲ.

ಪಕ್ಕದ ದಿನದ ಬಗ್ಗೆಯೂ ಹುಷಾರಾಗಿರಿ. ಸಂವಿಧಾನ ಸಭೆ ಮೊದಲು ಸೇರಿದ್ದು 1946ರ ಡಿಸೆಂಬರ್ 9. ರಾಜೇಂದ್ರ ಪ್ರಸಾದ್ ಅಧ್ಯಕ್ಷರಾಗಿ ಆಯ್ಕೆಯಾದದ್ದು 11. ಆಯ್ಕೆಗಳಲ್ಲಿ 10 ಇಟ್ಟರೆ ಅದು ಗಾಳ.

ಪುಟದಲ್ಲಿ ನಾಲ್ಕು ಗೆರೆ ಎಳೆದು ಐದು ಅಂಕಣ ಮಾಡಿ: ಇಸವಿ, ಏನು (ಹುಟ್ಟು, ಸಾವು, ಅಂಗೀಕಾರ, ಆಚರಣೆ), ಅಂದಿನ ಸ್ಥಳ, ಇಂದಿನ ಸ್ಥಳ, ಗೊಂದಲವಾಗುವ ದಿನ. ತುಂಬಿದ ಮೇಲೆ ಪುಸ್ತಕ ಮುಚ್ಚಿ ಒಂದೇ ಇಸವಿಯನ್ನು ಅಡ್ಡಡ್ಡ ಕೇಳಿಕೊಳ್ಳಿ. ಉದಾಹರಣೆಗೆ 1948ರ ಡಿಸೆಂಬರ್ 10. ಅವತ್ತು ಭಾರತದ ಗವರ್ನರ್ ಜನರಲ್ ಯಾರು? ರಾಜಾಜಿ, ಅವತ್ತಿಗೆ ಸರಿಯಾಗಿ 70 ತುಂಬಿತ್ತು. ಮೈಸೂರಿನ ಮುಖ್ಯಮಂತ್ರಿ? ಕೆ.ಸಿ. ರೆಡ್ಡಿ. ನಿಜಲಿಂಗಪ್ಪ? 46 ವರ್ಷ, ಸಂವಿಧಾನ ಸಭೆಯ ಸದಸ್ಯರು. ಓಸ್ಲೋದಲ್ಲಿ ಶಾಂತಿ ಪ್ರಶಸ್ತಿ ಯಾರಿಗೆ? ಯಾರಿಗೂ ಇಲ್ಲ. ಬದುಕಿರುವವರಲ್ಲಿ ತಕ್ಕವರಿಲ್ಲ ಎಂದು ಸಮಿತಿ ಕೈಬಿಟ್ಟಿತ್ತು. ಗಾಂಧೀಜಿ ಹತ್ಯೆಯಾದ ವರ್ಷ ಅದು.